ಫೈಲ್ ವರ್ಗಾವಣೆ ಸರ್ವರ್‌ಗಳಲ್ಲಿ ಡೈರೆಕ್ಟರಿ ಟ್ರಾವರ್ಸಲ್ ದೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಡೈರೆಕ್ಟರಿ ಟ್ರಾವರ್ಸಲ್ ಎಂದರೆ ನಿಖರವಾಗಿ ಏನು?

ಫೈಲ್ ಕಳುಹಿಸುವ ಹಳೆಯ ಪ್ರೋಟೋಕಾಲ್ ಎಫ್‌ಟಿಪಿ ಇರಲಿ, ಎಸ್‌ಎಸ್‌ಎಚ್ ಎಂಬ ಎನ್‌ಕ್ರಿಪ್ಟ್ ಆದ ಸಂಪರ್ಕದ ಮೇಲೆ ನಡೆಯುವ ಎಸ್‌ಎಫ್‌ಟಿಪಿ ಇರಲಿ, ಬ್ರೌಸರ್‌ನಲ್ಲಿ ತೆರೆಯುವ ಫೈಲ್ ಪೋರ್ಟಲ್ ಇರಲಿ, ಸರ್ವರ್ ಪ್ರತಿ ಬಳಕೆದಾರರಿಗೂ ಒಂದು ಫೋಲ್ಡರನ್ನು ಗಡಿಯಾಗಿ ನಿಗದಿ ಮಾಡಿರುತ್ತದೆ. ಆ ಗಡಿ /ಡೇಟಾ/ತಂಡ ಎಂದಿಟ್ಟುಕೊಳ್ಳಿ. ಬಳಕೆದಾರರು "ವರದಿ.ಪಿಡಿಎಫ್" ಕೇಳಿದರೆ ಸರ್ವರ್ ಎರಡನ್ನೂ ಜೋಡಿಸಿ /ಡೇಟಾ/ತಂಡ/ವರದಿ.ಪಿಡಿಎಫ್ ತೆರೆದು ಕೊಡುತ್ತದೆ. ಅದೇ ಜಾಗದಲ್ಲಿ ಯಾರಾದರೂ "../../ಇಟಿಸಿ/ಪಾಸ್‌ಡಬ್ಲ್ಯುಡಿ" (ಲಿನಕ್ಸಿನಲ್ಲಿ ಖಾತೆಗಳ ಪಟ್ಟಿ ಇರುವ ಫೈಲ್) ಎಂದು ಕಳುಹಿಸಿದರೆ? ಎರಡು ಚುಕ್ಕೆ ಎಂದರೆ ಒಂದು ಹಂತ ಮೇಲಕ್ಕೆ. ಎರಡು ಸಲ ಮೇಲೆ ಹೋದರೆ ಡಿಸ್ಕಿನ ಬೇರಿಗೇ ಬಂದಂತಾಯಿತು; ಅಲ್ಲಿಂದ ಯಾವ ಫೈಲಿಗೂ ದಾರಿ ಇದೆ. ಜೋಡಿಸಿದ ಪಾತ್ ಕೊನೆಗೆ ಎಲ್ಲಿಗೆ ತಲುಪುತ್ತದೆ ಎಂದು ನೋಡದೆ ಸರ್ವರ್ ಫೈಲ್ ತೆರೆದರೆ ಅದೇ ಡೈರೆಕ್ಟರಿ ಟ್ರಾವರ್ಸಲ್. ದೋಷಗಳ ವರ್ಗೀಕರಣದಲ್ಲಿ ಇದರ ಸಂಖ್ಯೆ ಸಿಡಬ್ಲ್ಯುಇ-22.

ಫೈಲ್ ವರ್ಗಾವಣೆ ಸಾಫ್ಟ್‌ವೇರಿನಲ್ಲೇ ಇದು ಯಾಕೆ ಮತ್ತೆ ಮತ್ತೆ ಬರುತ್ತದೆ?

ಹೊರಗಿನವರು ಕೊಟ್ಟ ಪಾತ್ ತೆರೆಯುವುದೇ ಈ ಸಾಫ್ಟ್‌ವೇರಿನ ಕೆಲಸ. ಅದೂ ಒಂದೇ ಬಾಗಿಲಿನಿಂದ ಅಲ್ಲ. ಎಫ್‌ಟಿಪಿಯಲ್ಲೇ ಫೈಲ್ ಇಳಿಸಲು, ಏರಿಸಲು, ಪಟ್ಟಿ ನೋಡಲು, ಫೋಲ್ಡರ್ ಬದಲಿಸಲು, ಅಳಿಸಲು, ಹೆಸರು ಬದಲಿಸಲು, ಗಾತ್ರ ಕೇಳಲು, ಕೊನೆಯ ಬದಲಾವಣೆಯ ಸಮಯ ಕೇಳಲು ಬೇರೆ ಬೇರೆ ಕಮಾಂಡ್‌ಗಳಿವೆ. ಇಷ್ಟೂ ಕಮಾಂಡ್‌ಗಳು ಪಾತ್ ತೆಗೆದುಕೊಳ್ಳುತ್ತವೆ. ಇದರ ಮೇಲೆ ಎಸ್‌ಎಫ್‌ಟಿಪಿ, ವೆಬ್ ಪೋರ್ಟಲ್, ಅಡ್ಮಿನ್ ಪುಟ, ಎಪಿಐ ಎಲ್ಲ ಸೇರಿಸಿ. ಪ್ರತಿ ದಾರಿಗೂ ಬೇರೆ ಬೇರೆ ಕಡೆ ತಪಾಸಣೆ ಬರೆದಿದ್ದರೆ ಒಂದು ಕಡೆ ಬಿಟ್ಟುಹೋಗುವುದು ಬಹುತೇಕ ಖಚಿತ. ಇಳಿಸುವ ಕಮಾಂಡ್‌ನಲ್ಲಿ ಬಿಗಿಯಾದ ತಪಾಸಣೆ ಇದ್ದು ಹೆಸರು ಬದಲಿಸುವ ಕಮಾಂಡ್‌ನಲ್ಲಿ ಏನೂ ಇಲ್ಲದಿರುವುದು ಈ ದೋಷದ ಮಾಮೂಲಿ ರೂಪ. 2023ರ ಸೆಪ್ಟೆಂಬರ್‌ನಲ್ಲಿ ಡಬ್ಲ್ಯುಎಸ್_ಎಫ್‌ಟಿಪಿ ಸರ್ವರಿನಲ್ಲಿ ಪ್ರಕಟವಾದ ಸಿವಿಇ-2023-42657 (ಸಿವಿಇ ಎಂದರೆ ಬಯಲಾದ ಪ್ರತಿ ದೋಷಕ್ಕೂ ಕೊಡುವ ಗುರುತಿನ ಸಂಖ್ಯೆ) ಇಂಥದ್ದೇ ಜಾಗದ್ದು: ತಮಗೆ ಕೊಟ್ಟ ಫೋಲ್ಡರಿನಾಚೆಗೂ ಫೈಲ್ ಅಳಿಸುವುದು, ಹೆಸರು ಬದಲಿಸುವುದು, ಫೋಲ್ಡರ್ ಮಾಡುವುದು, ತೆಗೆಯುವುದು ಸಾಧ್ಯವಿತ್ತು.

2024ರ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತು ಎಫ್‌ಬಿಐ ಈ ಒಂದೇ ದೋಷದ ಬಗ್ಗೆ ಸಾಫ್ಟ್‌ವೇರ್ ತಯಾರಕರಿಗೆ ಎಚ್ಚರಿಕೆ ಹೊರಡಿಸಿದವು. ನಿಜವಾದ ದಾಳಿಗಳಲ್ಲಿ ಬಳಕೆಯಾದ ದೋಷಗಳ ಸಿಸಾ ಪಟ್ಟಿಯಲ್ಲಿ ಆಗ 55 ಡೈರೆಕ್ಟರಿ ಟ್ರಾವರ್ಸಲ್ ದೋಷಗಳಿದ್ದವು.

ದಾಳಿ ಮಾಡಲು ಲಾಗಿನ್ ಬೇಕೇ?

ದೋಷ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಫೈಲ್ ಇಳಿಸುವ ಕಮಾಂಡ್‌ನಲ್ಲಿದ್ದರೆ ಸಾಮಾನ್ಯವಾಗಿ ಒಂದು ಖಾತೆ ಬೇಕು. ಆದರೆ ಅನಾನಿಮಸ್ ಲಾಗಿನ್ ತೆರೆದಿಟ್ಟಿದ್ದರೆ ಆ ಖಾತೆ ಎಲ್ಲರ ಬಳಿಯೂ ಇದೆ. ವೆಬ್ ಪೋರ್ಟಲ್ ತನ್ನ ಲಾಗಿನ್ ಪುಟದ ಚಿತ್ರ, ಸ್ಟೈಲ್ ಫೈಲುಗಳನ್ನು ಲಾಗಿನ್‌ಗೆ ಮೊದಲೇ ಕೊಡಬೇಕಾಗುತ್ತದೆ. ದೋಷ ಆ ಭಾಗದಲ್ಲಿದ್ದರೆ ಖಾತೆಯೇ ಬೇಡ. ಎಫ್‌ಟಿಪಿಯ ಸರಳ ರೂಪವಾದ ಟಿಎಫ್‌ಟಿಪಿಗಂತೂ ಲಾಗಿನ್ ಎಂಬುದೇ ಇಲ್ಲ. ಯುಡಿಪಿ 69ನೇ ಪೋರ್ಟಿನಲ್ಲಿ ಕೇಳಿದವರಿಗೆಲ್ಲ ಕೊಡುವ ಪ್ರೋಟೋಕಾಲ್ ಅದು. ಆಂತರಿಕ ನೆಟ್‌ವರ್ಕಿನ ಪ್ರತ್ಯೇಕ ಭಾಗ ಬಿಟ್ಟು ಬೇರೆಲ್ಲೂ ಅದನ್ನು ತೆರೆಯಬೇಡಿ.

ಫೈಲ್ ಓದುವುದಷ್ಟೇ ಆದರೆ ಅಷ್ಟು ದೊಡ್ಡ ಅಪಾಯವೇ?

ಹೌದು. ಪಾಸ್‌ಡಬ್ಲ್ಯುಡಿ ಫೈಲ್ ಓದುವುದು ದೋಷ ಇದೆಯೇ ಎಂದು ನೋಡುವ ಪರೀಕ್ಷೆ ಮಾತ್ರ. ನಂತರ ಹುಡುಕುವುದು ಸರ್ವರಿನ ಸ್ವಂತ ಕಾನ್ಫಿಗರೇಷನ್, ಬಳಕೆದಾರರ ಪಟ್ಟಿ, ಪಾಸ್‌ವರ್ಡ್ ಹ್ಯಾಷ್‌ಗಳು (ಪಾಸ್‌ವರ್ಡಿನಿಂದ ಲೆಕ್ಕಹಾಕಿ ಉಳಿಸಿಟ್ಟ ಸಂಕೇತಗಳು), ಎಸ್‌ಎಸ್‌ಎಚ್ ಖಾಸಗಿ ಕೀ, ಟಿಎಲ್‌ಎಸ್ ಕೀ, ಡೇಟಾಬೇಸಿನ ಪಾಸ್‌ವರ್ಡ್, ಚಾಲ್ತಿಯಲ್ಲಿರುವ ಸೆಷನ್‌ಗಳ ಫೈಲ್. 2024ರ ಏಪ್ರಿಲ್‌ನಲ್ಲಿ ಬಯಲಾದ ಕ್ರಶ್‌ಎಫ್‌ಟಿಪಿಯ ಸಿವಿಇ-2024-4040 ಮೊದಲು "ಗಡಿಯಾಚೆಯ ಫೈಲ್ ಓದಬಹುದು" ಎಂಬಷ್ಟಕ್ಕೇ ಸೀಮಿತವೆಂಬಂತೆ ಕಂಡಿತ್ತು. ಸೆಷನ್ ಫೈಲ್ ಓದಿದರೆ ಅಡ್ಮಿನ್ ಸೆಷನ್ನನ್ನೇ ಕೈಗೆ ತೆಗೆದುಕೊಳ್ಳಬಹುದು, ಅಲ್ಲಿಂದ ಸರ್ವರ್ ಪೂರ್ತಿ ವಶವಾಗುತ್ತದೆ ಎಂಬುದು ಬೇಗನೆ ಸ್ಪಷ್ಟವಾಯಿತು. 10.7.1 ಮತ್ತು 11.1.0 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು.

ಬರೆಯಲು ಸಾಧ್ಯವಾದರೆ ಇನ್ನೂ ಕೆಟ್ಟದು. ವೆಬ್ ಫೋಲ್ಡರಿಗೆ ಒಂದು ಸ್ಕ್ರಿಪ್ಟ್, ನಿಗದಿತ ಸಮಯಕ್ಕೆ ಕಮಾಂಡ್ ನಡೆಸುವ ಕ್ರಾನ್ ಫೋಲ್ಡರಿಗೆ ಒಂದು ಸಾಲು, ಎಸ್‌ಎಸ್‌ಎಚ್‌ನ ಅನುಮತಿಸಿದ ಕೀಗಳ ಫೈಲಿಗೆ ಒಂದು ಕೀ, ಇವುಗಳಲ್ಲಿ ಯಾವುದಾದರೊಂದು ಸಾಕು. 2024ರ ಕೊನೆಯಲ್ಲಿ ಕ್ಲಿಯೋ ಸಂಸ್ಥೆಯ ಹಾರ್ಮನಿ, ವಿಎಲ್‌ಟ್ರೇಡರ್, ಲೆಕ್ಸಿಕಾಮ್ ಮೇಲೆ ನಡೆದ ದಾಳಿಯಲ್ಲಿ ಆದದ್ದು ಹೀಗೆಯೇ. ಆ ಸಾಫ್ಟ್‌ವೇರಿನ "ಆಟೋರನ್" ಫೋಲ್ಡರಿಗೆ ಬಿದ್ದ ಫೈಲನ್ನು ಅದು ತಾನಾಗಿಯೇ ಓದಿ ನಡೆಸುತ್ತದೆ. ದಾಳಿಕೋರರು ಅಲ್ಲಿಗೇ ಫೈಲ್ ಬರೆದರು.

ಬಂದ ಹೆಸರಿನಿಂದ "../" ತೆಗೆದುಹಾಕಿದರೆ ಸಾಲದೇ?

ಸಾಲದು. ಮತ್ತೆ ಮತ್ತೆ ಕಾಣುವ ತಪ್ಪು ಪರಿಹಾರ ಇದು. ಯಾಕೆ ಸೋಲುತ್ತದೆ ಎಂದು ಒಂದೊಂದಾಗಿ ನೋಡಬೇಕು.

ಫಿಲ್ಟರ್ ಒಂದೇ ಸುತ್ತು ತೆಗೆದರೆ "....//" ಎಂದು ಕಳುಹಿಸಿದರೆ ಆಯಿತು: ಮಧ್ಯದ "../" ಹೋದ ಮೇಲೆ ಉಳಿಯುವುದು "../". ಏನೂ ಉಳಿಯದವರೆಗೆ ತೆಗೆಯುತ್ತಲೇ ಇದ್ದರೂ ಬ್ಯಾಕ್‌ಸ್ಲ್ಯಾಷ್ ಬಳಸಿದ "..\" ಹಾಗೇ ದಾಟುತ್ತದೆ. ವೆಬ್ ಪೋರ್ಟಲಿನಲ್ಲಿ ಚುಕ್ಕೆ, ಸ್ಲ್ಯಾಷ್‌ಗಳನ್ನು ಪರ್ಸೆಂಟ್ ಸಂಕೇತವಾಗಿ ಬರೆಯಬಹುದು. ಆ ಪರ್ಸೆಂಟ್ ಚಿಹ್ನೆಯನ್ನೇ ಮತ್ತೆ %25 ಎಂದು ಬರೆದರೆ ಎರಡು ಸಲ ಬಿಡಿಸಬೇಕಾದ ಸಂಕೇತ. ಫಿಲ್ಟರ್ ಒಂದು ಸಲ ಬಿಡಿಸಿ ನೋಡುತ್ತದೆ, ಒಳಗಿನ ಇನ್ನೊಂದು ಭಾಗ ಎರಡನೇ ಸಲ ಬಿಡಿಸುತ್ತದೆ, ಫಿಲ್ಟರಿಗೆ ಕಾಣದ ಚುಕ್ಕೆ ಆಮೇಲೆ ಹುಟ್ಟುತ್ತದೆ. 2000ನೇ ಇಸವಿಯಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಸ್ಲ್ಯಾಷ್ ಅಕ್ಷರವನ್ನು ಅಗತ್ಯಕ್ಕಿಂತ ಉದ್ದದ ಯುಟಿಎಫ್-8 ಸಂಕೇತದಲ್ಲಿ ಬರೆದು ತಪಾಸಣೆ ದಾಟಲು ಸಾಧ್ಯವಾಗಿತ್ತು. 2001ರ ನಿಮ್ಡಾ ವರ್ಮ್ ಹರಡಿದ ದಾರಿಗಳಲ್ಲಿ ಅದೂ ಒಂದು.

ಇನ್ನು "../" ಬೇಕೇ ಇಲ್ಲದ ದಾರಿಗಳಿವೆ. ನೇರವಾಗಿ "/ಇಟಿಸಿ/ಪಾಸ್‌ಡಬ್ಲ್ಯುಡಿ" ಎಂದು ಪೂರ್ಣ ಪಾತ್ ಕೊಡುವುದು ಒಂದು. ಪೈಥಾನಿನ ಪಾತ್ ಜೋಡಿಸುವ ಫಂಕ್ಷನ್ನಿಗೆ ಎರಡನೆಯದಾಗಿ ಪೂರ್ಣ ಪಾತ್ ಕೊಟ್ಟರೆ ಅದು ಮೊದಲನೆಯದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ನಿಮ್ಮ ಗಡಿ ಫೋಲ್ಡರ್ ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಶುದ್ಧ ಎಫ್‌ಟಿಪಿ ಮತ್ತು ಎಸ್‌ಎಫ್‌ಟಿಪಿಯಲ್ಲಿ ಪರ್ಸೆಂಟ್ ಸಂಕೇತಕ್ಕೆ ಅರ್ಥವೇ ಇಲ್ಲ, ಅಲ್ಲಿ ಅದು ಹೆಸರಿನ ಒಂದು ಅಕ್ಷರ ಅಷ್ಟೆ. ಎನ್‌ಕೋಡಿಂಗ್ ತಂತ್ರಗಳೆಲ್ಲ ವೆಬ್ ಮುಖಕ್ಕೆ ಸಂಬಂಧಿಸಿದವು.

ತಪಾಸಣೆ ಇದ್ದೂ ತಪ್ಪಿಸಿಕೊಂಡ ಒಂದು ನಿಜವಾದ ಉದಾಹರಣೆ?

ಸೋಲಾರ್‌ವಿಂಡ್ಸ್ ಸರ್ವ್-ಯು, ಸಿವಿಇ-2024-28995, 2024ರ ಜೂನ್. ಲಾಗಿನ್ ಬೇಡ, ಒಂದೇ ಒಂದು ವೆಬ್ ರಿಕ್ವೆಸ್ಟ್ ಸಾಕು. ಅದರಲ್ಲಿ ಫೋಲ್ಡರಿಗೊಂದು, ಫೈಲಿಗೊಂದು ಪ್ಯಾರಾಮೀಟರ್. ಸರ್ವ್-ಯುನಲ್ಲಿ ತಪಾಸಣೆ ಇತ್ತು. ಆದರೆ ಅದು ಆಯಾ ಸಿಸ್ಟಮ್ಮಿನ ಸ್ಲ್ಯಾಷ್ ಮಾತ್ರ ನೋಡುತ್ತಿತ್ತು: ವಿಂಡೋಸ್‌ನಲ್ಲಿ "\", ಲಿನಕ್ಸ್‌ನಲ್ಲಿ "/". ತಪಾಸಣೆ ಮುಗಿದ ಮೇಲೆ ಸರ್ವರ್ ತಪ್ಪು ಸ್ಲ್ಯಾಷ್‌ಗಳನ್ನು ಸರಿಯಾದ ಸ್ಲ್ಯಾಷ್‌ಗೆ ತಿರುಗಿಸುತ್ತಿತ್ತು. ಹಾಗಾಗಿ ವಿಂಡೋಸ್ ಸರ್ವರಿಗೆ "/../../" ಮತ್ತು ಲಿನಕ್ಸ್ ಸರ್ವರಿಗೆ "\..\..\" ಕಳುಹಿಸಿದರೆ ತಪಾಸಣೆಗೆ ಏನೂ ಕಾಣುವುದಿಲ್ಲ, ನಂತರ ಅದೇ ಸರ್ವರ್ ತನ್ನ ಕೈಯಾರೆ ಅದನ್ನು ನಿಜವಾದ ಟ್ರಾವರ್ಸಲ್ ಆಗಿ ಪರಿವರ್ತಿಸುತ್ತದೆ. 15.4.2ರ ಎರಡನೇ ಹಾಟ್‌ಫಿಕ್ಸ್‌ನಲ್ಲಿ ಇದು ಸರಿಯಾಯಿತು.

ಮೊದಲು ನೋಡಿ ಆಮೇಲೆ ಬದಲಿಸಿದರೆ, ನೋಡಿದ್ದು ಒಂದು, ತೆರೆದದ್ದು ಇನ್ನೊಂದು. ಈ ದೋಷದ ಬಹುಪಾಲು ಪ್ರಕರಣಗಳ ಬೇರು ಇಲ್ಲಿದೆ.

ವಿಂಡೋಸ್ ಸರ್ವರಿನಲ್ಲಿ ಹೆಚ್ಚಿಗೆ ಏನು ನೋಡಬೇಕು?

ವಿಂಡೋಸ್ ಎರಡೂ ಬಗೆಯ ಸ್ಲ್ಯಾಷ್ ಒಪ್ಪುತ್ತದೆ. ಡ್ರೈವ್ ಅಕ್ಷರದಿಂದ ಶುರುವಾಗುವ ಪಾತ್ ಮತ್ತು "\\" ಇಂದ ಶುರುವಾಗುವ ನೆಟ್‌ವರ್ಕ್ ಪಾತ್ ಎರಡನ್ನೂ ನಿರಾಕರಿಸಬೇಕು. ನೆಟ್‌ವರ್ಕ್ ಪಾತ್ ಒಪ್ಪಿದರೆ ಸರ್ವರ್ ದಾಳಿಕೋರರ ಯಂತ್ರಕ್ಕೆ ಸಂಪರ್ಕ ಮಾಡಿ ತನ್ನ ಖಾತೆಯ ಗುರುತಿನ ಹ್ಯಾಷ್ ಕೊಟ್ಟು ಬರಬಹುದು. ಹೆಸರಿನ ಕೊನೆಯ ಚುಕ್ಕೆ, ಖಾಲಿ ಜಾಗಗಳನ್ನು ವಿಂಡೋಸ್ ತಾನೇ ಕತ್ತರಿಸುತ್ತದೆ, ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ, ಹಳೆಯ 8.3 ಮಾದರಿಯ ಚಿಕ್ಕ ಹೆಸರಿನಿಂದಲೂ ಅದೇ ಫೈಲ್ ತೆರೆಯುತ್ತದೆ. ಹೆಸರಿನಲ್ಲಿ ":" ಇದ್ದರೆ ಎನ್‌ಟಿಎಫ್‌ಎಸ್‌ನ ಪರ್ಯಾಯ ಸ್ಟ್ರೀಮ್ ಆಗುತ್ತದೆ. ನಿಷೇಧಿತ ಹೆಸರುಗಳ ಪಟ್ಟಿ ಇಟ್ಟುಕೊಂಡು ತಡೆಯುವವರನ್ನು ಇವು ಒಂದೊಂದೂ ದಾಟುತ್ತವೆ.

ಕೋಡ್ ಬರೆಯುವವರು ಸರಿಯಾಗಿ ಮಾಡುವುದು ಹೇಗೆ?

ಕ್ರಮ ಮುಖ್ಯ. ಮೊದಲು ಎನ್‌ಕೋಡಿಂಗ್ ಒಂದೇ ಒಂದು ಸಲ ಬಿಡಿಸಿ. ಶೂನ್ಯ ಬೈಟ್, ಅಂದರೆ %00, ಇದ್ದರೆ ಅಲ್ಲೇ ನಿರಾಕರಿಸಿ. ಸ್ಲ್ಯಾಷ್‌ಗಳನ್ನು ಒಂದೇ ರೂಪಕ್ಕೆ ತನ್ನಿ. ಗಡಿ ಫೋಲ್ಡರಿನೊಂದಿಗೆ ಜೋಡಿಸಿ. ಸಿಮ್‌ಲಿಂಕ್‌ಗಳನ್ನೂ (ಬೇರೆ ಫೈಲ್ ಅಥವಾ ಫೋಲ್ಡರಿಗೆ ಕರೆದೊಯ್ಯುವ ಕೊಂಡಿಗಳು) ಬಿಡಿಸಿ ಅಂತಿಮ ನೈಜ ಪಾತ್ ಪಡೆಯಿರಿ. ಅದು ಗಡಿಯೊಳಗಿದೆಯೇ ಎಂದು ಆಗ ನೋಡಿ. ನೋಡಿದ ಪಾತನ್ನೇ ತೆರೆಯಿರಿ, ಬಳಕೆದಾರರು ಕಳುಹಿಸಿದ ಮೂಲ ಪಾತನ್ನು ಮತ್ತೆ ಮುಟ್ಟಬೇಡಿ.

"ಗಡಿಯೊಳಗಿದೆಯೇ" ಎಂಬ ಹೋಲಿಕೆಯಲ್ಲೂ ಒಂದು ಗುಂಡಿ ಇದೆ. ಅಂತಿಮ ಪಾತ್ "/ಡೇಟಾ/ತಂಡ" ಎಂಬ ಅಕ್ಷರಗಳಿಂದ ಶುರುವಾಗುತ್ತದೆಯೇ ಎಂದಷ್ಟೇ ನೋಡಿದರೆ "/ಡೇಟಾ/ತಂಡ2/ಸಂಬಳ.ಸಿಎಸ್‌ವಿ" ಕೂಡ ಪಾಸಾಗುತ್ತದೆ, ಏಕೆಂದರೆ ಅದೂ ಅದೇ ಅಕ್ಷರಗಳಿಂದ ಶುರುವಾಗುತ್ತದೆ. "../ತಂಡ2/" ಎಂದು ಕಳುಹಿಸಿ ಪಕ್ಕದವರ ಫೋಲ್ಡರಿಗೆ ನುಗ್ಗಬಹುದು. ಕೊನೆಯಲ್ಲಿ ಸ್ಲ್ಯಾಷ್ ಸೇರಿಸಿ ಹೋಲಿಸಿ, ಅಥವಾ ಅಕ್ಷರ ಅಕ್ಷರವಾಗಿ ಹೋಲಿಸದೆ ಪಾತಿನ ಭಾಗ ಭಾಗವಾಗಿ ಹೋಲಿಸುವ ಲೈಬ್ರರಿ ಫಂಕ್ಷನ್ ಬಳಸಿ. ಜಾವಾದಲ್ಲಿ ಸ್ಟ್ರಿಂಗ್ ಹೋಲಿಕೆ ಬಿಟ್ಟು ಪಾತ್ ಆಬ್ಜೆಕ್ಟಿನ ಹೋಲಿಕೆಯನ್ನೇ ಬಳಸಬೇಕು.

ಹೊಸದಾಗಿ ಏರಿಸುವ ಫೈಲಿಗೆ ನೈಜ ಪಾತ್ ಇನ್ನೂ ಇರುವುದಿಲ್ಲ. ಆಗ ಅದರ ಮೇಲಿನ ಫೋಲ್ಡರಿನ ನೈಜ ಪಾತ್ ಬಿಡಿಸಿ ನೋಡಿ, ಫೈಲ್ ಹೆಸರಿನಲ್ಲಿ ಯಾವ ಬಗೆಯ ಸ್ಲ್ಯಾಷೂ ಇರಬಾರದು, ಹೆಸರು ".." ಆಗಿರಬಾರದು ಎಂದು ಬೇರೆಯಾಗಿ ನೋಡಿ.

ಇಷ್ಟಾದರೂ ನೋಡುವುದಕ್ಕೂ ತೆರೆಯುವುದಕ್ಕೂ ನಡುವೆ ಒಂದು ಚಿಕ್ಕ ಸಂದು ಉಳಿಯುತ್ತದೆ. ಆ ಕ್ಷಣದಲ್ಲಿ ಬಳಕೆದಾರರು ಫೋಲ್ಡರನ್ನು ಸಿಮ್‌ಲಿಂಕ್‌ನಿಂದ ಬದಲಿಸಿದರೆ ತಪಾಸಣೆ ವ್ಯರ್ಥ. ಇದನ್ನು ಮುಚ್ಚಲು ಕರ್ನಲ್ಲಿನ ನೆರವೇ ಬೇಕು. ಲಿನಕ್ಸ್ 5.6ರಿಂದ ಇರುವ ಓಪನ್‌ಎಟ್2 ಸಿಸ್ಟಮ್ ಕಾಲ್‌ಗೆ "ರಿಸಾಲ್ವ್ ಬಿನೀತ್" ಆಯ್ಕೆ ಕೊಟ್ಟರೆ ಕೊಟ್ಟ ಫೋಲ್ಡರಿನಾಚೆ ಹೋಗುವ ಯಾವ ಪಾತನ್ನೂ ಕರ್ನಲ್ ತೆರೆಯುವುದಿಲ್ಲ. ಗೋ ಭಾಷೆಯ 1.24ರಲ್ಲಿ ಬಂದ "ಓಎಸ್.ರೂಟ್" ಇದೇ ಉದ್ದೇಶದ್ದು. ಹೊಸ ಕೋಡ್ ಬರೆಯುತ್ತಿದ್ದರೆ ಸ್ವಂತ ಫಿಲ್ಟರ್ ಬರೆಯುವ ಬದಲು ಇಲ್ಲಿಂದಲೇ ಶುರುಮಾಡಿ. ಎಲ್ಲ ಕಮಾಂಡ್‌ಗಳೂ ಈ ಒಂದೇ ಫಂಕ್ಷನ್ ಮೂಲಕ ಹಾದುಹೋಗಲಿ. ಹೆಸರು ಬದಲಿಸುವಾಗ ಹಳೆಯ ಹೆಸರು, ಹೊಸ ಹೆಸರು ಎರಡೂ.

ನಾನು ಅಡ್ಮಿನ್, ಕೋಡ್ ಬರೆಯುವವನಲ್ಲ. ಯಾವ ಸೆಟ್ಟಿಂಗ್ ಹಾಕಬೇಕು?

ಬಳಕೆದಾರರನ್ನು ಸಿಎಚ್‌ರೂಟ್‌ನಲ್ಲಿ ಕೂಡಿಹಾಕಿ; ಅಂದರೆ ಒಂದು ಫೋಲ್ಡರನ್ನೇ ಅವರಿಗೆ ಇಡೀ ಡಿಸ್ಕಿನ ಬೇರಾಗಿ ತೋರಿಸುವ ವ್ಯವಸ್ಥೆ. ಅದರೊಳಗೆ ".." ಎಷ್ಟು ಸಲ ಬರೆದರೂ ಮೇಲೆ ಹೋಗಲು ಮೇಲೆಂಬುದೇ ಇರುವುದಿಲ್ಲ.

ಓಪನ್‌ಎಸ್‌ಎಸ್‌ಎಚ್‌ನಲ್ಲಿ ಎಸ್‌ಎಫ್‌ಟಿಪಿ ಬಳಕೆದಾರರನ್ನು ಒಂದು ಗುಂಪಿಗೆ ಸೇರಿಸಿ, ಸರ್ವರಿನ ಕಾನ್ಫಿಗರೇಷನ್ ಫೈಲಿನಲ್ಲಿ ಆ ಗುಂಪಿಗೆ ಒಂದು "ಮ್ಯಾಚ್ ಗ್ರೂಪ್" ಭಾಗ ಬರೆಯಿರಿ. ಅದರಲ್ಲಿ "ಸಿಎಚ್‌ರೂಟ್‌ಡೈರೆಕ್ಟರಿ" ಸಾಲಿಗೆ ಗಡಿ ಫೋಲ್ಡರ್, "ಫೋರ್ಸ್‌ಕಮಾಂಡ್" ಸಾಲಿಗೆ "ಇಂಟರ್ನಲ್-ಎಸ್‌ಎಫ್‌ಟಿಪಿ" ಕೊಡಿ. ಟಿಸಿಪಿ ಫಾರ್ವರ್ಡಿಂಗ್ ಮತ್ತು ಎಕ್ಸ್11 ಫಾರ್ವರ್ಡಿಂಗ್ ನಿಲ್ಲಿಸಿ. ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಗಡಿ ಫೋಲ್ಡರ್ ಮತ್ತು ಅದರ ಮೇಲಿನ ಪ್ರತಿ ಫೋಲ್ಡರೂ ರೂಟ್ ಒಡೆತನದಲ್ಲಿರಬೇಕು, ಬೇರೆ ಯಾರಿಗೂ ಬರೆಯುವ ಅನುಮತಿ ಇರಬಾರದು. 755 ಸರಿ, 775 ತಪ್ಪು. ಇಲ್ಲವಾದರೆ ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಥಟ್ಟನೆ ಕಡಿದುಹೋಗುತ್ತದೆ. ಒಡೆತನ ಅಥವಾ ಅನುಮತಿ ಸರಿಯಿಲ್ಲವೆಂಬ ಸಾಲು ಲಾಗಿನಲ್ಲಿ ಮಾತ್ರ ಸಿಗುತ್ತದೆ. ಬರೆಯಲು ಜಾಗ ಬೇಕಾದರೆ ಗಡಿಯೊಳಗೆ ಇನ್ನೊಂದು ಫೋಲ್ಡರ್ ಮಾಡಿ ಅದರ ಒಡೆತನವನ್ನು ಬಳಕೆದಾರರಿಗೆ ಕೊಡಿ. ಸರ್ವಿಸ್ ರೀಸ್ಟಾರ್ಟ್ ಮಾಡುವ ಮೊದಲು ಎಸ್‌ಎಸ್‌ಎಚ್‌ಡಿಯ "-ಟಿ" (ಸಣ್ಣಕ್ಷರದ t) ಆಯ್ಕೆಯಿಂದ ಕಾನ್ಫಿಗರೇಷನ್ ಪರೀಕ್ಷಿಸಿ, ಈಗಿನ ಸೆಷನ್ ಮುಚ್ಚದೆ ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ನೋಡಿ.

ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರಿನಲ್ಲಿ "ಸಿಎಚ್‌ರೂಟ್_ಲೋಕಲ್_ಯೂಸರ್" ಸೆಟ್ಟಿಂಗಿಗೆ "ಯೆಸ್" ಕೊಡಿ. ಬೇರು ಫೋಲ್ಡರಿಗೆ ಬಳಕೆದಾರರು ಬರೆಯಬಲ್ಲವರಾದರೆ "500 ಊಪ್ಸ್" ಎಂದು ಅದು ಲಾಗಿನ್ ನಿರಾಕರಿಸುತ್ತದೆ. ಅಂತರ್ಜಾಲದಲ್ಲಿ ಸಿಗುವ ಸುಲಭ ಉತ್ತರ ಆ ತಪಾಸಣೆಯನ್ನೇ ಆಫ್ ಮಾಡುವುದು. ಹಾಗೆ ಮಾಡಬೇಡಿ. ಬೇರಿನಿಂದ ಬರೆಯುವ ಅನುಮತಿ ತೆಗೆದು ಒಳಗೆ ಒಂದು ಅಪ್‌ಲೋಡ್ ಫೋಲ್ಡರ್ ಕೊಡಿ. ಪ್ರೋಎಫ್‌ಟಿಪಿಡಿಯಲ್ಲಿ "ಡಿಫಾಲ್ಟ್‌ರೂಟ್ ~" ಎಂಬ ಒಂದೇ ಸಾಲು.

ಸಿಎಚ್‌ರೂಟ್ ಹಾಕಿದ ಮೇಲೆ ಹೊರಗಿನ ಫೋಲ್ಡರಿಗೆ ಮಾಡಿಟ್ಟ ಸಿಮ್‌ಲಿಂಕ್‌ಗಳು ಕೆಲಸ ಮಾಡುವುದಿಲ್ಲ, ಮಾಡಬಾರದು ಕೂಡ. ಹಂಚಿಕೊಳ್ಳುವ ಫೋಲ್ಡರ್ ನಿಜಕ್ಕೂ ಬೇಕಿದ್ದರೆ ಬೈಂಡ್ ಮೌಂಟ್ ಮಾಡಿ, ಅಂದರೆ ಆ ಫೋಲ್ಡರ್ ಗಡಿಯೊಳಗೂ ಕಾಣುವಂತೆ ಸಿಸ್ಟಮ್ಮಿನಿಂದಲೇ ಜೋಡಿಸಿ.

ಸಿಎಚ್‌ರೂಟ್ ಇದ್ದರೆ ಪೂರ್ತಿ ನಿಶ್ಚಿಂತೆಯೇ?

ಇಲ್ಲ. ವೆಬ್ ಪೋರ್ಟಲ್ ಇರುವ ವಾಣಿಜ್ಯ ಸಾಫ್ಟ್‌ವೇರುಗಳಲ್ಲಿ ಬಳಕೆದಾರರು ಆಪರೇಟಿಂಗ್ ಸಿಸ್ಟಮ್ಮಿನ ಖಾತೆಗಳಲ್ಲ. ಒಂದೇ ಪ್ರೋಸೆಸ್ ಎಲ್ಲರ ಫೈಲನ್ನೂ ತೆರೆಯುತ್ತದೆ, ಗಡಿ ಇರುವುದು ಅದರ ಕೋಡಿನೊಳಗೆ ಮಾತ್ರ. ಅಂಥಲ್ಲಿ ಪ್ರೋಸೆಸ್ಸಿಗೇ ಬೇಲಿ ಹಾಕಬೇಕು. ರೂಟ್ ಅಥವಾ ವಿಂಡೋಸಿನ ಸಿಸ್ಟಮ್ ಖಾತೆಯಲ್ಲಿ ನಡೆಸಬೇಡಿ. ಅದಕ್ಕೆಂದೇ ಒಂದು ಖಾತೆ ಮಾಡಿ, ಡೇಟಾ ಫೋಲ್ಡರಿಗಷ್ಟೇ ಬರೆಯುವ ಅನುಮತಿ ಕೊಡಿ. ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಇದ್ದರೆ ಸರ್ವಿಸ್ ಫೈಲಿನಲ್ಲಿ "ಪ್ರೊಟೆಕ್ಟ್‌ಸಿಸ್ಟಮ್=ಸ್ಟ್ರಿಕ್ಟ್", "ಪ್ರೊಟೆಕ್ಟ್‌ಹೋಮ್=ಯೆಸ್", "ನೋನ್ಯೂಪ್ರಿವಿಲೇಜಸ್=ಯೆಸ್" ಸೇರಿಸಿ, ಬರೆಯಬೇಕಾದ ಜಾಗಗಳನ್ನು "ರೀಡ್‌ರೈಟ್‌ಪಾತ್ಸ್" ಸಾಲಿನಲ್ಲಿ ಹೆಸರಿಸಿ. ಡೇಟಾ ಹೋಮ್ ಫೋಲ್ಡರುಗಳಲ್ಲೇ ಇದ್ದರೆ ಎರಡನೆಯದು ಅದನ್ನೂ ಮುಚ್ಚುತ್ತದೆ, ಗಮನವಿರಲಿ. ನಾಳೆ ಹೊಸ ದೋಷ ಬಯಲಾದರೂ ಪಾಸ್‌ವರ್ಡ್ ಹ್ಯಾಷ್‌ಗಳಿರುವ ಶ್ಯಾಡೋ ಫೈಲನ್ನು ಓದಲು ಆ ಪ್ರೋಸೆಸ್ಸಿಗೆ ಅನುಮತಿಯೇ ಇರುವುದಿಲ್ಲ. ಆದರೆ ಸಾಫ್ಟ್‌ವೇರಿನ ಸ್ವಂತ ಕಾನ್ಫಿಗರೇಷನ್, ಬೇರೆ ಬಳಕೆದಾರರ ಫೈಲ್‌ಗಳು ಅದಕ್ಕೆ ಕಾಣಲೇಬೇಕು. ಅಷ್ಟು ಅಪಾಯ ಉಳಿಯುತ್ತದೆ.

ಎಸ್‌ಎಫ್‌ಟಿಪಿ ಅಥವಾ ಎಫ್‌ಟಿಪಿಎಸ್‌ಗೆ (ಟಿಎಲ್‌ಎಸ್ ಎನ್‌ಕ್ರಿಪ್ಷನ್ ಇರುವ ಎಫ್‌ಟಿಪಿ) ಬದಲಾದರೆ ಈ ದೋಷ ಹೋಗುತ್ತದೆಯೇ?

ಹೋಗುವುದಿಲ್ಲ. ಎನ್‌ಕ್ರಿಪ್ಷನ್ ದಾರಿಯಲ್ಲಿ ಕದ್ದು ನೋಡುವುದನ್ನು ತಡೆಯುತ್ತದೆ. "../" ಎನ್‌ಕ್ರಿಪ್ಟ್ ಆಗಿ ಬಂದರೂ ಸರ್ವರಿನಲ್ಲಿ ಬಿಡಿಸಿದ ಮೇಲೆ "../" ಆಗಿಯೇ ಇರುತ್ತದೆ.

ನಮ್ಮ ಸರ್ವರನ್ನು ನಾವೇ ಪರೀಕ್ಷಿಸುವುದು ಹೇಗೆ?

ನಿಮ್ಮ ಸ್ವಂತದ್ದು ಅಥವಾ ಲಿಖಿತ ಅನುಮತಿ ಇರುವ ಸರ್ವರಿನಲ್ಲಿ ಮಾತ್ರ, ಸಾಧ್ಯವಾದರೆ ಅದರ ಪರೀಕ್ಷಾ ಪ್ರತಿಯಲ್ಲಿ.

ಗಡಿಯ ಒಂದು ಹಂತ ಮೇಲೆ, ಯಾರಿಗೂ ಬೇಡದ ಸಾಲೊಂದಿರುವ ಗುರುತಿನ ಫೈಲ್ ಇಡಿ. "ತಂಡ" ಮತ್ತು "ತಂಡ2" ಎಂಬಂತೆ ಒಂದರ ಹೆಸರಿನಿಂದಲೇ ಇನ್ನೊಂದು ಶುರುವಾಗುವ ಎರಡು ಖಾತೆ ಮಾಡಿ. ಗ್ರಾಫಿಕಲ್ ಕ್ಲೈಂಟ್ ಬೇಡ, ಅದು ಪಾತನ್ನು ತಾನೇ ತಿದ್ದಿ ಕಳುಹಿಸಬಹುದು. ಎಫ್‌ಟಿಪಿ ಕಮಾಂಡ್‌ಲೈನಿನ "ಕೋಟ್" ಮೂಲಕ ಕಚ್ಚಾ ಕಮಾಂಡ್ ಕಳುಹಿಸಿ. ವೆಬ್ ಪೋರ್ಟಲಿಗೆ ಕರ್ಲ್ ಬಳಸುವುದಾದರೆ "ಪಾತ್-ಆಸ್-ಈಸ್" ಆಯ್ಕೆ ಕೊಡಲೇಬೇಕು. ಇಲ್ಲದಿದ್ದರೆ ಕರ್ಲ್ "../" ಅನ್ನು ಕಳುಹಿಸುವ ಮೊದಲೇ ಮಡಚಿಬಿಡುತ್ತದೆ, ಸರ್ವರ್ ಭದ್ರವಾಗಿದೆ ಎಂಬ ಸುಳ್ಳು ಸಮಾಧಾನ ಸಿಗುತ್ತದೆ.

ಎಫ್‌ಟಿಪಿ ಸರ್ವರ್ ಕೊಡುವ ಮೂರಂಕಿಯ ಉತ್ತರಗಳನ್ನು ಓದುವುದರಲ್ಲೂ ಎಚ್ಚರ ಬೇಕು. ಬೇರಿನಲ್ಲಿ ನಿಂತು ಒಂದು ಹಂತ ಮೇಲೆ ಹೋಗಲು ಹೇಳಿದಾಗ 250 (ಕೆಲಸ ಆಯಿತು) ಬಂದರೆ ಗಾಬರಿಯಾಗಬೇಡಿ; ಈಗಿನ ಫೋಲ್ಡರ್ ಯಾವುದು ಎಂದು ಕೇಳಿ. 257ರ ಜೊತೆ "/" ಬಂದು, ಫೈಲ್ ಪಟ್ಟಿಯೂ ಹಿಂದಿನದ್ದೇ ಆಗಿದ್ದರೆ ನೀವು ಎಲ್ಲಿಗೂ ಹೋಗಿಲ್ಲ. ಗುರುತಿನ ಫೈಲಿನ ಗಾತ್ರ ಕೇಳಿದಾಗ 213 ಬಂದರೆ ಮಾತ್ರ ಗಡಿ ಒಡೆದಿದೆ, ಇಳಿಸಲು ಆಗದಿದ್ದರೂ ಸರಿ. 550 ನಿರಾಕರಣೆ. ಆದರೆ ಇರುವ ಫೈಲಿಗೆ "ಅನುಮತಿ ಇಲ್ಲ", ಇಲ್ಲದ ಫೈಲಿಗೆ "ಸಿಗಲಿಲ್ಲ" ಎಂದು ಬೇರೆ ಬೇರೆ ಮಾತು ಬಂದರೆ ಹೊರಗೆ ಏನೇನಿದೆ ಎಂಬ ಸುಳಿವು ಸೋರುತ್ತಿದೆ. ಹೆಸರು ಬದಲಿಸುವ ಜೋಡಿ ಕಮಾಂಡ್‌ನಲ್ಲಿ ಹೊರಗಿನ ಹೆಸರಿಗೆ 350 (ಸರಿ, ಹೊಸ ಹೆಸರು ಕಳುಹಿಸಿ) ಬಂದರೂ ಅದೇ ಅನುಮಾನ.

ಪ್ಯಾಚ್ ಹಾಕಿದರೆ ಮುಗಿಯಿತೇ?

ಮೊದಲ ಪ್ಯಾಚ್ ಅರ್ಧಂಬರ್ಧ ಇರುವುದು ಈ ದೋಷದಲ್ಲಿ ಪದೇ ಪದೇ ಆಗಿದೆ. ಅಪಾಚೆ ವೆಬ್ ಸರ್ವರಿನ 2.4.49ರಲ್ಲಿದ್ದ ಸಿವಿಇ-2021-41773ಕ್ಕೆ 2.4.50 ಬಂತು, ಎರಡು ಸಲ ಎನ್‌ಕೋಡ್ ಮಾಡಿದರೆ ಅದೂ ಒಡೆಯುತ್ತಿತ್ತು, ಕೆಲವೇ ದಿನಗಳಲ್ಲಿ 2.4.51 ಬರಬೇಕಾಯಿತು. ಕ್ಲಿಯೋದಲ್ಲೂ 5.8.0.21 ಸಾಲದೆ 5.8.0.24 ಬಂತು. ಆದ್ದರಿಂದ ಪ್ಯಾಚ್ ಹಾಕಿದ ಮೇಲೂ ತಯಾರಕರ ಪ್ರಕಟಣೆಯನ್ನು ಕೆಲವು ವಾರ ನೋಡುತ್ತಿರಿ.

ತಕ್ಷಣ ಪ್ಯಾಚ್ ಹಾಕಲಾಗದಿದ್ದರೆ ವೆಬ್ ಪೋರ್ಟಲನ್ನು ನಿಲ್ಲಿಸಿ ಅಥವಾ ಗೊತ್ತಿರುವ ಐಪಿ ವಿಳಾಸಗಳಿಗಷ್ಟೇ ತೆರೆಯಿರಿ. ವೆಬ್ ಫೈರ್‌ವಾಲಿನಲ್ಲಿ "../" ತಡೆಯುವ ನಿಯಮ ಹಾಕುವುದು ಸಮಯ ಗಳಿಸಲು ಸರಿ, ಆದರೆ ಮೇಲೆ ಹೇಳಿದ ಎನ್‌ಕೋಡಿಂಗ್ ದಾರಿಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಈಗಾಗಲೇ ದಾಳಿ ಆಗಿದೆಯೇ ಎಂದು ತಿಳಿಯುವುದು ಹೇಗೆ?

ಲಾಗಿನಲ್ಲಿ ".." ಅನ್ನು ಎರಡೂ ಸ್ಲ್ಯಾಷ್‌ಗಳೊಂದಿಗೆ, ಎನ್‌ಕೋಡ್ ಆದ ರೂಪಗಳಲ್ಲೂ ಹುಡುಕಿ. ಸಿಕ್ಕ ಸಾಲುಗಳಲ್ಲಿ ನಿರಾಕರಣೆಗಳನ್ನು ಬದಿಗಿಟ್ಟು, ಯಶಸ್ವಿ ಉತ್ತರ ಬಂದವುಗಳ ಬೈಟ್ ಸಂಖ್ಯೆ ನೋಡಿ. ಅದು ಕಾನ್ಫಿಗರೇಷನ್ ಫೈಲಿನ ಗಾತ್ರಕ್ಕೆ ಹೊಂದಿದರೆ ಆ ಫೈಲ್ ಹೋಗಿದೆ ಎಂದೇ ತಿಳಿಯಿರಿ. ವಿಎಸ್‌ಎಫ್‌ಟಿಪಿಡಿ ತಾನಾಗಿ ಪೂರ್ತಿ ಕಮಾಂಡ್‌ಗಳನ್ನು ಬರೆಯುವುದಿಲ್ಲ, "ಲಾಗ್_ಎಫ್‌ಟಿಪಿ_ಪ್ರೋಟೋಕಾಲ್" ಆನ್ ಮಾಡಿ "ಎಕ್ಸ್‌ಫರ್‌ಲಾಗ್_ಎಸ್‌ಟಿಡಿ_ಫಾರ್ಮ್ಯಾಟ್" ಆಫ್ ಮಾಡಬೇಕು. ಇಂಟರ್ನಲ್-ಎಸ್‌ಎಫ್‌ಟಿಪಿಗೆ "-ಎಲ್" ಆಯ್ಕೆಯಿಂದ ಲಾಗ್ ಮಟ್ಟ ಹೆಚ್ಚಿಸಬಹುದು. ಕೆಲವು ಸಿಸ್ಟಮ್‌ಗಳಲ್ಲಿ ಸಿಎಚ್‌ರೂಟ್ ಒಳಗೆ ಲಾಗ್ ಸಾಕೆಟ್ ಇಲ್ಲದಿದ್ದರೆ ಒಂದು ಸಾಲೂ ಬರುವುದಿಲ್ಲ, ಮೊದಲೇ ಪರೀಕ್ಷಿಸಿ. ಬರೆಯುವ ದೋಷವಿದ್ದ ಸರ್ವರಿನ ಲಾಗನ್ನೇ ತಿದ್ದಿರಬಹುದು, ಹಾಗಾಗಿ ಲಾಗಿನ ಪ್ರತಿ ಬೇರೆ ಯಂತ್ರಕ್ಕೂ ಹೋಗುತ್ತಿರಬೇಕು.

ಓದಿದ ಕುರುಹು ಸಿಕ್ಕರೆ ಪ್ಯಾಚ್ ಮಾತ್ರ ಸಾಲದು. ಆ ಪ್ರೋಸೆಸ್ ಓದಬಲ್ಲ ಪ್ರತಿ ಗುಟ್ಟನ್ನೂ ಬದಲಿಸಿ: ಎಲ್ಲ ಬಳಕೆದಾರರ ಪಾಸ್‌ವರ್ಡ್, ಎಸ್‌ಎಸ್‌ಎಚ್ ಹೋಸ್ಟ್ ಕೀ, ಟಿಎಲ್‌ಎಸ್ ಪ್ರಮಾಣಪತ್ರ, ಡೇಟಾಬೇಸ್ ಮತ್ತು ಕ್ಲೌಡ್ ಕೀಗಳು. ಚಾಲ್ತಿಯಲ್ಲಿರುವ ಸೆಷನ್‌ಗಳನ್ನೆಲ್ಲ ರದ್ದು ಮಾಡಿ. ಬರೆದ ಕುರುಹು ಸಿಕ್ಕರೆ ಡಿಸ್ಕಿನ ಪ್ರತಿ ತೆಗೆದಿಟ್ಟು ಸರ್ವರನ್ನು ಹೊಸದಾಗಿ ಕಟ್ಟಿ.

ಜಿಪ್ ಏರಿಸಿದರೆ ಸರ್ವರ್ ತಾನೇ ಬಿಚ್ಚುತ್ತದೆ. ಅಲ್ಲಿ ಏನಾದರೂ?

ಅದೇ ದೋಷ, ಬೇರೆ ಬಾಗಿಲು. ಜಿಪ್ ಒಳಗಿನ ಫೈಲಿನ ಹೆಸರೇ "../../" ಇಂದ ಶುರುವಾಗಬಹುದು. ಇದಕ್ಕೆ 2018ರಲ್ಲಿ ಜಿಪ್ ಸ್ಲಿಪ್ ಎಂಬ ಹೆಸರು ಬಂತು. ಪ್ರತಿ ಒಳ ಹೆಸರನ್ನೂ ಬರೆಯುವ ಮೊದಲು ಗಡಿಯೊಂದಿಗೆ ಹೋಲಿಸಿ. ಪೈಥಾನಿನಲ್ಲಿ ಟಾರ್ ಬಿಚ್ಚುವಾಗ 3.12ರಿಂದ ಇರುವ "ಡೇಟಾ" ಫಿಲ್ಟರ್ ಕೊಡಿ.

ಸರ್ವರೇ ಕೆಟ್ಟದ್ದಾಗಿದ್ದರೆ ಕ್ಲೈಂಟಿಗೂ ಅಪಾಯವೇ?

ಇದೆ. ಕ್ಲೈಂಟ್ ಕೇಳಿದ್ದು ಒಂದು ಹೆಸರು, ಸರ್ವರ್ ಕಳುಹಿಸಿದ್ದು ಇನ್ನೊಂದು ಹೆಸರು. ಕ್ಲೈಂಟ್ ಪರಿಶೀಲಿಸದೆ ಬರೆದರೆ ಅದರ ಡಿಸ್ಕಿನ ಫೈಲ್ ಹಾಳಾಗುತ್ತದೆ. ಎಸ್‌ಎಸ್‌ಎಚ್ ಮೂಲಕ ಫೈಲ್ ನಕಲಿಸುವ ಎಸ್‌ಸಿಪಿಯಲ್ಲಿ ಸಿವಿಇ-2019-6111 ಇದೇ ಬಗೆಯದು. ಫೈಲ್ ಇಳಿಸುವ ಕಮಾಂಡ್ ಡಬ್ಲ್ಯುಗೆಟ್‌ನಲ್ಲಿ ಸಿವಿಇ-2014-4877 ಸಿಮ್‌ಲಿಂಕ್ ಮೂಲಕ ಆದದ್ದು, 1.16ರಲ್ಲಿ ಸರಿಯಾಯಿತು. ಓಪನ್‌ಎಸ್‌ಎಸ್‌ಎಚ್ 9.0ರಿಂದ ಎಸ್‌ಸಿಪಿ ಕಮಾಂಡ್ ಒಳಗೊಳಗೆ ಎಸ್‌ಎಫ್‌ಟಿಪಿ ಪ್ರೋಟೋಕಾಲನ್ನೇ ಬಳಸುತ್ತದೆ. ಹೊರಗಿನ ಸರ್ವರ್‌ಗಳಿಂದ ರಾತ್ರಿ ಫೈಲ್ ಇಳಿಸುವ ನಿಮ್ಮ ಸ್ಕ್ರಿಪ್ಟ್‌ಗಳು ಯಾವ ಆವೃತ್ತಿ ಬಳಸುತ್ತಿವೆ, ಯಾವ ಖಾತೆಯಲ್ಲಿ ನಡೆಯುತ್ತಿವೆ ಎಂದು ನೋಡಿ. ರೂಟ್ ಖಾತೆಯಲ್ಲಿದ್ದರೆ ಮೊದಲು ಅದನ್ನು ಬದಲಿಸಿ.